ಹಾಲಿನ ಲೆಕ್ಕ ಒಡೆಯದ ಹಾಗೆ ಪೈಥಾನ್ 2ರಿಂದ 3ಕ್ಕೆ

ಪ್ರಶ್ನೆ: ನಮ್ಮೂರಿನ ಹಾಲು ಉತ್ಪಾದಕರ ಸಂಘದಲ್ಲಿ ಅಪ್ಪ ಕಾರ್ಯದರ್ಶಿ. ನಾನು ಬಿಸಿಎ ಕೊನೆಯ ವರ್ಷದಲ್ಲಿದ್ದೇನೆ. ಡೈರಿಯ ಲೆಕ್ಕಕ್ಕೆ 2013ರಲ್ಲಿ ಊರಿನ ಹುಡುಗನೊಬ್ಬ ಪೈಥಾನ್ 2.7ರಲ್ಲಿ ಒಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದ. ಸುಮಾರು 4 ಸಾವಿರ ಸಾಲು ಇದೆ. ಸದಸ್ಯರ ಹೆಸರು ಕನ್ನಡದಲ್ಲಿ, ತೂಕದ ಯಂತ್ರ ಕೇಬಲ್‌ನಲ್ಲಿ ಜೋಡಿಸಿದೆ, ಫ್ಯಾಟು ಮತ್ತು ಲ್ಯಾಕ್ಟೋಮೀಟರ್ ರೀಡಿಂಗನ್ನು ಕೈಯಲ್ಲೇ ಟೈಪ್ ಮಾಡುತ್ತಾರೆ. ಹಳೆಯ ವಿಂಡೋಸ್ 7 ಕಂಪ್ಯೂಟರ್ ಈಗಲೋ ಆಗಲೋ ಅನ್ನುವ ಸ್ಥಿತಿಯಲ್ಲಿದೆ. ಹೊಸದು ತಂದಿದ್ದೇವೆ. ಪೈಥಾನ್ 3 ಹಾಕಿ ಓಡಿಸಿದರೆ ಮೊದಲ ಸಾಲಿನಲ್ಲೇ ಎರರ್. ‘2ಟು3’ ಅನ್ನುವ ಸಾಧನ ಬಳಸು ಎಂದು ಸ್ನೇಹಿತರು ಹೇಳಿದರು, ಅದು ಸಿಗುತ್ತಿಲ್ಲ. ಪ್ರಿಂಟ್‌ಗೆಲ್ಲ ಬ್ರಾಕೆಟ್ ಹಾಕಿದರೆ ಮುಗಿಯಿತಾ? ಎಐಗೆ ಕೊಟ್ಟರೆ ಮಾಡಿಕೊಡುತ್ತದಾ? ಎಷ್ಟು ದಿನ ಹಿಡಿಯಬಹುದು?

ಉತ್ತರ: ಬ್ರಾಕೆಟ್ ಹಾಕಿದರೆ ಪ್ರೋಗ್ರಾಮ್ ಓಡಲು ಶುರುವಾಗುತ್ತದೆ. ನಿಜವಾದ ಅಪಾಯ ಶುರುವಾಗುವುದೂ ಅಲ್ಲಿಂದಲೇ. ಪೈಥಾನ್ 2ರಿಂದ 3ಕ್ಕೆ ಹೋಗುವಾಗ ಎರಡು ಥರದ ತೊಂದರೆ ಬರುತ್ತವೆ. ಒಂದು, ಕೂಗಿಕೊಂಡು ಬರುವ ಎರರ್. ಪ್ರೋಗ್ರಾಮ್ ನಿಲ್ಲುತ್ತದೆ, ಯಾವ ಸಾಲು ಎಂದು ತೋರಿಸುತ್ತದೆ, ನೀವು ಸರಿ ಮಾಡುತ್ತೀರಿ. ಇನ್ನೊಂದು, ಏನೂ ಹೇಳದೆ ಬೇರೆ ಉತ್ತರ ಕೊಡುವುದು. ನಿಮ್ಮದು ಹಾಲಿನ ಬಟವಾಡೆಯ ಲೆಕ್ಕ. ಅಲ್ಲಿ ಎರಡನೆಯದು ನುಸುಳಿದರೆ ಒಬ್ಬರ ದುಡ್ಡು ಕಡಿಮೆಯಾಗುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಆದ್ದರಿಂದ ಈ ಉತ್ತರದಲ್ಲಿ ಕೂಗುವ ಎರರ್‌ಗಳ ಬಗ್ಗೆ ಕಡಿಮೆ, ಸುಮ್ಮನಿರುವವುಗಳ ಬಗ್ಗೆ ಜಾಸ್ತಿ ಬರೆಯುತ್ತೇನೆ. ಕೋಡ್‌ನ ಪದಗಳನ್ನು ಉಚ್ಚಾರದ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ, ಗೊತ್ತಲ್ಲ.

ಮೊದಲು ಒಂದಿಷ್ಟು ಹಿನ್ನೆಲೆ. ಪೈಥಾನ್ 3.0 ಬಂದಿದ್ದು 2008ರ ಡಿಸೆಂಬರ್‌ನಲ್ಲಿ. ಭಾಷೆಯನ್ನು ಹುಟ್ಟುಹಾಕಿದ ಗೀಡೋ ವಾನ್ ರೋಸಮ್ ಮತ್ತು ಅವರ ತಂಡ ಹಳೆಯ ತಪ್ಪುಗಳನ್ನು ಒಂದೇ ಸಲ ತಿದ್ದಿಬಿಡೋಣ ಎಂದು ಹೊರಟರು. ಅದಕ್ಕಾಗಿ ಹಳೆಯ ಕೋಡ್ ಹೊಸದರಲ್ಲಿ ಓಡದಿದ್ದರೂ ಪರವಾಗಿಲ್ಲ ಎಂದು ತಿಳಿದೇ ನಿರ್ಧರಿಸಿದರು. ಜನ ಅಷ್ಟು ಬೇಗ ಕದಲಲಿಲ್ಲ. 2010ರಲ್ಲಿ ಬಂದ 2.7ರಲ್ಲೇ ಕೂತರು. ಅದರ ಬೆಂಬಲ 2015ಕ್ಕೆ ಮುಗಿಯಬೇಕಿತ್ತು, 2020ಕ್ಕೆ ಮುಂದೂಡಿದರು. ಕೊನೆಯ 2.7.18 ಬಂದಿದ್ದು 2020ರ ಏಪ್ರಿಲ್‌ನಲ್ಲಿ. ಅಲ್ಲಿಂದಾಚೆಗೆ ಏನೇ ದೋಷ ಸಿಕ್ಕರೂ ಮೂಲ ತಂಡ ತಿದ್ದಿಕೊಡುವುದಿಲ್ಲ. ಅಂದಮೇಲೆ ನಿಮ್ಮ ಹುಡುಗ 2013ರಲ್ಲಿ 2.7 ಆರಿಸಿಕೊಂಡಿದ್ದು ತಪ್ಪೇನಲ್ಲ. ಆಗ ಬಹಳ ಲೈಬ್ರರಿಗಳು 3ಕ್ಕೆ ಬಂದೇ ಇರಲಿಲ್ಲ. ದೊಡ್ಡವರೂ ಹೀಗೇ ಒದ್ದಾಡಿದ್ದಾರೆ. ಇನ್‌ಸ್ಟಾಗ್ರಾಮ್ ದಾಟಿದ್ದು 2017ರಲ್ಲಿ. ಡ್ರಾಪ್‌ಬಾಕ್ಸ್ ತನ್ನ ಡೆಸ್ಕ್‌ಟಾಪ್ ಪ್ರೋಗ್ರಾಮನ್ನು ಪೂರ್ತಿ ದಾಟಿಸಿದ್ದು 2018ರಲ್ಲಿ, ಅದೂ ಸುಮಾರು ಮೂರು ವರ್ಷ ಒದ್ದಾಡಿದ ಮೇಲೆ. ಗೀಡೋ ಆಗ ಅಲ್ಲೇ ಕೆಲಸದಲ್ಲಿದ್ದರು!

ನಿಜ ಹೇಳಬೇಕೆಂದರೆ 2.7 ಹೊಸ ವಿಂಡೋಸ್ 11ರಲ್ಲೂ ಓಡುತ್ತದೆ. ಇಂಟರ್ನೆಟ್ ಇಲ್ಲದ ಕಂಪ್ಯೂಟರ್ ಆಗಿದ್ದರೆ ‘ಈ ವರ್ಷ ಹಾಗೇ ಇರಲಿ’ ಎಂದು ನಾನು ಹೇಳಿದರೂ ಹೇಳುತ್ತಿದ್ದೆ. ಹೊಸ ಕಂಪ್ಯೂಟರ್‌ಗೆ ನೆಟ್ ಬಂದೇ ಬರುತ್ತದೆ. ಲೈಬ್ರರಿ ಇಳಿಸಿಕೊಡುವ ಪಿಪ್ ಕೂಡ 2021ರ ಜನವರಿಯಲ್ಲಿ ಪೈಥಾನ್ 2ರ ಕೈ ಬಿಟ್ಟಿತು. ಮುಂದೆ ಯಾವುದೋ ಒಂದು ಪ್ರಿಂಟರ್ ಬದಲಾಯಿಸಿದ ದಿನ ಸಿಕ್ಕಿಹಾಕಿಕೊಳ್ಳುತ್ತೀರಿ. ದಾಟುವುದೇ ಸರಿ. ಆದರೆ ಹಳೆಯ ಕಂಪ್ಯೂಟರ್ ಉಸಿರಾಡುತ್ತಿರುವಾಗಲೇ ದಾಟಬೇಕು, ಯಾಕೆಂದರೆ ಸರಿ ಉತ್ತರ ಯಾವುದು ಎಂದು ಹೇಳಬಲ್ಲದ್ದು ಈಗ ಅದೊಂದೇ.

ಹಾಗಾಗಿ ಇವತ್ತೇ ಮಾಡಬೇಕಾದ ಕೆಲಸ ಕೋಡ್ ಮುಟ್ಟುವುದಲ್ಲ. ಒಂದು ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ. ಪ್ರೋಗ್ರಾಮ್ ಇರುವ ಇಡೀ ಫೋಲ್ಡರ್, ಡೇಟಾ ಫೈಲುಗಳು, ದರಪಟ್ಟಿ, ಪೈಥಾನ್ ಇರುವ ಫೋಲ್ಡರ್, ಎಲ್ಲ ನಕಲು ಮಾಡಿ. ಆಮೇಲೆ ಕಳೆದ ಎರಡು ಮೂರು ಬಟವಾಡೆ ಅವಧಿಗಳನ್ನು ಹಳೆಯ ಪ್ರೋಗ್ರಾಮ್‌ನಲ್ಲೇ ಮತ್ತೆ ಓಡಿಸಿ, ಬರುವ ಚೀಟಿ, ಬಟವಾಡೆ ಪಟ್ಟಿ, ಒಟ್ಟು ಮೊತ್ತ ಎಲ್ಲವನ್ನೂ ಫೈಲಾಗಿ ಉಳಿಸಿಕೊಳ್ಳಿ. ಇದು ನಿಮ್ಮ ತಕ್ಕಡಿಯ ಬಟ್ಟು. ಹೊಸ ಪ್ರೋಗ್ರಾಮ್ ಇದಕ್ಕೆ ತೂಗಬೇಕು. ಹೆಸರಿಲ್ಲದ ಸದಸ್ಯ, ಒಂದು ಹೊತ್ತು ಹಾಲು ಹಾಕದವರು, ಫ್ಯಾಟು ಬರೆಯಲು ಮರೆತ ದಿನ, ಹಾಲು ವಾಪಸ್ ಕಳಿಸಿದ ದಿನ ಇಂಥವೆಲ್ಲ ಆ ಅವಧಿಯಲ್ಲಿ ಇವೆಯಾ ನೋಡಿಕೊಳ್ಳಿ. ಎಲ್ಲ ಸರಿ ಇರುವ ದಿನ ಎಂಥ ಪ್ರೋಗ್ರಾಮೂ ಸರಿಯಾಗೇ ಓಡುತ್ತದೆ, ಅಲ್ವಾ?

ಈಗ 2ಟು3 ವಿಷಯ. ನಿಮಗೆ ಸಿಗದಿರುವುದಕ್ಕೆ ಕಾರಣ ಇದೆ. ಅದು ಪೈಥಾನ್ ಜೊತೆಯಲ್ಲೇ ಬರುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಬಂದ 3.13ರಲ್ಲಿ ತೆಗೆದುಹಾಕಿದರು. 3.12 ಇನ್‌ಸ್ಟಾಲ್ ಮಾಡಿದರೆ ಒಳಗೆ ‘ಲಿಬ್‌2ಟು3’ ಎಂದು ಸಿಗುತ್ತದೆ. ಅದನ್ನು ನಕಲಿನ ಮೇಲೆ ಓಡಿಸಿ. ಪ್ರಿಂಟ್‌ಗೆ ಬ್ರಾಕೆಟ್, ಎಕ್ಸೆಪ್ಟ್ ಸಾಲಿನಲ್ಲಿ ಅಲ್ಪವಿರಾಮದ ಬದಲು ‘ಆ್ಯಸ್’, ರಾ_ಇನ್‌ಪುಟ್ ಇದ್ದಲ್ಲಿ ಇನ್‌ಪುಟ್, ಹೆಸರು ಬದಲಾದ ಮಾಡ್ಯೂಲುಗಳು ಹೀಗೆ ಬೇಸರದ ಕೆಲಸವನ್ನೆಲ್ಲ ಒಂದು ನಿಮಿಷದಲ್ಲಿ ಮುಗಿಸುತ್ತದೆ. ಟ್ಯಾಬು ಮತ್ತು ಖಾಲಿ ಜಾಗ ಕಲಸಿ ಇಂಡೆಂಟ್ ಮಾಡಿದ್ದರೆ ಪೈಥಾನ್ 3 ಒಪ್ಪುವುದಿಲ್ಲ, ಎಡಿಟರ್‌ನಲ್ಲಿ ಟ್ಯಾಬನ್ನೆಲ್ಲ ಖಾಲಿ ಜಾಗಕ್ಕೆ ಬದಲಾಯಿಸಿ. ಇಷ್ಟೆಲ್ಲ ಅರ್ಧ ದಿನದ ಕೆಲಸ. ಇವೆಲ್ಲ ಕೂಗುವ ಎರರ್‌ಗಳು, ಇವುಗಳಿಗೆ ಹೆದರಬೇಡಿ.

ಇನ್ನು ಸುಮ್ಮನಿರುವವು.

ಮೊದಲನೆಯದು ಭಾಗಾಕಾರ. ಪೈಥಾನ್ 2ರಲ್ಲಿ 7ನ್ನು 2ರಿಂದ ಭಾಗಿಸಿದರೆ 3. ಎರಡೂ ಪೂರ್ಣಾಂಕವಾದರೆ ಉತ್ತರವೂ ಪೂರ್ಣಾಂಕ, ಉಳಿದದ್ದು ಗೋತಾ. ಪೈಥಾನ್ 3ರಲ್ಲಿ ಉತ್ತರ 3.5. ಈಗ ಎಸ್‌ಎನ್‌ಎಫ್, ಅಂದರೆ ಹಾಲಿನಲ್ಲಿ ಫ್ಯಾಟು ಬಿಟ್ಟು ಉಳಿದ ಘನಾಂಶದ ಲೆಕ್ಕ ನೆನಪು ಮಾಡಿಕೊಳ್ಳಿ. ಲ್ಯಾಕ್ಟೋಮೀಟರ್ ರೀಡಿಂಗನ್ನು 4ರಿಂದ ಭಾಗಿಸಿ, ಅದಕ್ಕೆ ಫ್ಯಾಟಿನ ಒಂದು ಪಾಲನ್ನೂ ಒಂದು ಸ್ಥಿರ ಸಂಖ್ಯೆಯನ್ನೂ ಕೂಡಿಸುತ್ತಾರೆ. ಕೋಡ್‌ನಲ್ಲಿ ಅದು 4 ಎಂದಿದೆಯಾ, 4.0 ಎಂದಿದೆಯಾ ನೋಡಿ. 4.0 ಎಂದಿದ್ದರೆ ಬಚಾವ್. ಬರೀ 4 ಎಂದಿದ್ದು, ರೀಡಿಂಗ್ 29 ಬಂದರೆ, ಹಳೆಯ ಪ್ರೋಗ್ರಾಮ್ 7.25ರ ಬದಲು 7 ತೆಗೆದುಕೊಂಡಿರುತ್ತದೆ. 27 ಬಂದರೆ 6.75ರ ಬದಲು 6. 28 ಬಂದರೆ ಮಾತ್ರ ಸರಿ. ಎಸ್‌ಎನ್‌ಎಫ್ ಮುಕ್ಕಾಲು ಪಾಯಿಂಟ್ ಬಿದ್ದರೆ ದರ ಎಲ್ಲಿಗೆ ಇಳಿಯುತ್ತದೆ ಅಂತ ನಿಮ್ಮಪ್ಪನಿಗೆ ನಾನು ಹೇಳಬೇಕಾಗಿಲ್ಲ.

ಇದರಲ್ಲಿ ಇನ್ನೊಂದು ಸುತ್ತು ಇದೆ. ಪೈಥಾನ್ 2ರ ‘ಇನ್‌ಪುಟ್’ ಟೈಪ್ ಮಾಡಿದ್ದನ್ನು ಪೈಥಾನ್ ಕೋಡ್ ಎಂದೇ ಓದುತ್ತಿತ್ತು. 29 ಎಂದು ಟೈಪ್ ಮಾಡಿದರೆ ಪೂರ್ಣಾಂಕ, 29.0 ಎಂದರೆ ದಶಮಾಂಶ. ಅಂದರೆ ಬೆಳಿಗ್ಗೆ ಕೂತವರು 29 ಎಂದೂ ಸಂಜೆ ಕೂತವರು 29.0 ಎಂದೂ ಟೈಪ್ ಮಾಡುವ ಅಭ್ಯಾಸದವರಾದರೆ ಒಂದೇ ಹಾಲಿಗೆ ಎರಡು ಉತ್ತರ! ಸದಸ್ಯರ ನಂಬರನ್ನೂ ಇದರಲ್ಲೇ ಓದಿದ್ದರೆ ಇನ್ನೂ ತಮಾಷೆ. 010 ಎಂದು ಟೈಪ್ ಮಾಡಿದರೆ ಪೈಥಾನ್ 2 ಅದನ್ನು ಎಂಟರ ಪದ್ಧತಿಯ ಸಂಖ್ಯೆ ಎಂದುಕೊಂಡು 8 ಎಂದು ತಿಳಿಯುತ್ತದೆ. ಹತ್ತನೆಯವರ ಹಾಲು ಎಂಟನೆಯವರ ಖಾತೆಗೆ. 2ಟು3 ಇಂಥ ಇನ್‌ಪುಟ್ ಕಂಡಲ್ಲಿ ಅದರ ಸುತ್ತ ‘ಇವಾಲ್’ (ಟೈಪ್ ಮಾಡಿದ್ದನ್ನು ಹಳೆಯ ಹಾಗೆ ಕೋಡ್ ಎಂದೇ ಓದುವುದು) ಹಾಕಿಬಿಡುತ್ತದೆ. ಅದನ್ನು ಹಾಗೇ ಬಿಡಬೇಡಿ. ನಂಬರ್ ಆದರೆ ‘ಇಂಟ್’, ಫ್ಯಾಟು-ರೀಡಿಂಗ್ ಆದರೆ ‘ಫ್ಲೋಟ್’ ಅಥವಾ ಕೆಳಗೆ ಹೇಳುವ ಡೆಸಿಮಲ್ ಎಂದು ನೀವೇ ಬದಲಾಯಿಸಿ. ಭಾಗಾಕಾರವನ್ನು 2ಟು3 ಮುಟ್ಟುವುದೇ ಇಲ್ಲ. ಭಾಗಾಕಾರದ ಗೆರೆ ಇರುವ ಪ್ರತಿ ಸಾಲನ್ನೂ ಹುಡುಕಿ, ಒಂದೊಂದಕ್ಕೂ ‘ಇಲ್ಲಿ ಪೂರ್ಣಾಂಕ ಬೇಕಿತ್ತಾ, ದಶಮಾಂಶ ಬೇಕಿತ್ತಾ’ ಎಂದು ಕೇಳಿಕೊಳ್ಳಿ. ಪೂರ್ಣಾಂಕವೇ ಬೇಕಿದ್ದರೆ ಎರಡು ಗೆರೆ ಹಾಕಿ. 4 ಸಾವಿರ ಸಾಲಿನಲ್ಲಿ ಅಂಥವು ಹೆಚ್ಚೆಂದರೆ ಕೆಲವು ಡಜನ್ ಇರಬಹುದು.

ಎರಡನೆಯದು ‘ರೌಂಡ್’. ಇದನ್ನು ಬಹಳ ಜನ ಮರೆಯುತ್ತಾರೆ. ಪೈಥಾನ್ 2ರಲ್ಲಿ 62.5ನ್ನು ರೌಂಡ್ ಮಾಡಿದರೆ 63.0. ನಾವು ಶಾಲೆಯಲ್ಲಿ ಕಲಿತದ್ದೂ ಹಾಗೇ. ಪೈಥಾನ್ 3ರಲ್ಲಿ ಅದೇ 62.5ಕ್ಕೆ 62 ಬರುತ್ತದೆ. 63.5ಕ್ಕೆ ಮಾತ್ರ 64. ಸರಿಯಾಗಿ ಅರ್ಧದಲ್ಲಿ ನಿಂತ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ತಳ್ಳುವ ಪದ್ಧತಿ ಇದು. ಬ್ಯಾಂಕರ್ಸ್ ರೌಂಡಿಂಗ್ ಎನ್ನುತ್ತಾರೆ. ದೊಡ್ಡ ಲೆಕ್ಕದಲ್ಲಿ ಇದು ನ್ಯಾಯವಾದ ಪದ್ಧತಿಯೇ, ಏರಿಕೆ ಇಳಿಕೆ ಸರಿದೂಗುತ್ತದೆ. ಆದರೆ ಚೀಟಿ ಹಿಡಿದು ಬಂದ ಅಜ್ಜಿಗೆ ‘ಸಮಸಂಖ್ಯೆ ಅಜ್ಜಿ, ಅದಕ್ಕೇ ಒಂದು ರೂಪಾಯಿ ಕಡಿಮೆ’ ಎನ್ನುವುದಕ್ಕೆ ಆಗುತ್ತದಾ? ದುಡ್ಡಿನ ಲೆಕ್ಕ ಇರುವ ಕಡೆಯಲ್ಲೆಲ್ಲ ಪೈಥಾನ್‌ನ ‘ಡೆಸಿಮಲ್’ ಮಾಡ್ಯೂಲ್ ಬಳಸಿ, ಅದರಲ್ಲಿ ‘ರೌಂಡ್ ಹಾಫ್ ಅಪ್’ ಎಂದು ಸ್ಪಷ್ಟವಾಗಿ ಹೇಳಿ. ಡೆಸಿಮಲ್‌ಗೆ ಕೊಡುವಾಗ ಸಂಖ್ಯೆಯನ್ನು ಫ್ಲೋಟ್ ಮಾಡಿ ಕೊಡಬೇಡಿ, ಟೈಪ್ ಮಾಡಿದ ಅಕ್ಷರದ ರೂಪದಲ್ಲೇ ಕೊಡಿ.

ಇದಕ್ಕೆ ಅಂಟಿಕೊಂಡೇ ಒಂದು ಸಣ್ಣದು. ಬೆಳಿಗ್ಗೆ 1.1 ಲೀಟರ್, ಸಂಜೆ 2.2 ಲೀಟರ್ ಕೂಡಿಸಿ ಪ್ರಿಂಟ್ ಮಾಡಿದರೆ ಪೈಥಾನ್ 2 ಮರ್ಯಾದೆಯಾಗಿ 3.3 ಎನ್ನುತ್ತಿತ್ತು. ಪೈಥಾನ್ 3 ಚೀಟಿಯ ಮೇಲೆ 3.3000000000000003 ಎಂದು ಬರೆಯುತ್ತದೆ. ಒಳಗಿನ ಸಂಖ್ಯೆ ಎರಡರಲ್ಲೂ ಒಂದೇ. ಹಳೆಯದು ತೋರಿಸುವಾಗ ಬಾಲ ಕತ್ತರಿಸುತ್ತಿತ್ತು ಅಷ್ಟೇ. ಎಷ್ಟು ದಶಮಾಂಶ ಬೇಕು ಎಂದು ಪ್ರಿಂಟ್ ಮಾಡುವ ಕಡೆ ಹೇಳಿದರೆ ಸರಿಹೋಗುತ್ತದೆ.

ಮೂರನೆಯದು ಹೋಲಿಕೆ. ಪೈಥಾನ್ 2ರಲ್ಲಿ ಯಾವ ಸ್ಟ್ರಿಂಗೂ, ಅಂದರೆ ಅಕ್ಷರದ ರೂಪದಲ್ಲಿ ಇಟ್ಟ ಯಾವ ಮಾಹಿತಿಯೂ, ಯಾವ ಸಂಖ್ಯೆಗಿಂತಲೂ ದೊಡ್ಡದೇ. ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿಯ) ಫೈಲಿನಿಂದ ಓದಿದ ಫ್ಯಾಟನ್ನು ಸಂಖ್ಯೆಯಾಗಿ ಬದಲಾಯಿಸದೆ ‘3.5ಕ್ಕಿಂತ ಕಡಿಮೆಯಾದರೆ ವಾಪಸ್’ ಎಂದು ಬರೆದಿದ್ದರೆ ಆ ಸಾಲು ಇಷ್ಟು ವರ್ಷ ಒಮ್ಮೆಯೂ ಕೆಲಸ ಮಾಡಿರುವುದಿಲ್ಲ. ಫ್ಯಾಟು ಬರೆಯದೆ ಬಿಟ್ಟು ‘ನನ್’ (ಏನೂ ಇಲ್ಲ) ಆಗಿದ್ದರೆ ಅದು ಎಲ್ಲಕ್ಕಿಂತ ಚಿಕ್ಕದು. ಪೈಥಾನ್ 3 ಇಂಥ ಕಡೆ ಟೈಪ್ ಎರರ್ ಎಂದು ನಿಂತುಬಿಡುತ್ತದೆ. ಒಳ್ಳೆಯದೇ. ಆದರೆ ಆ ಎರರ್ ಬಂದ ಕೂಡಲೇ ಅದನ್ನು ಮುಚ್ಚಲು ಟ್ರೈ-ಎಕ್ಸೆಪ್ಟ್ ಹಾಕಬೇಡಿ. ಅದು ನಿಮಗೆ ಹಳೆಯ ತಪ್ಪೊಂದನ್ನು ತೋರಿಸುತ್ತಿದೆ.

ನಾಲ್ಕನೆಯದು ನನ್ನನ್ನೇ ಕಚ್ಚಿದ್ದು. ಕೆಲವು ವರ್ಷದ ಹಿಂದೆ ಒಂದು ಶಾಲೆಯ ಶುಲ್ಕದ ಪ್ರೋಗ್ರಾಮನ್ನು ದಾಟಿಸಿದ್ದೆ. 2ಟು3 ಬಳಸದೆ ‘ನನಗೆಲ್ಲ ಗೊತ್ತು’ ಎಂದು ಕೈಯಲ್ಲೇ ತಿದ್ದಿದೆ. ಪೈಥಾನ್ 2ರಲ್ಲಿ ‘ಮ್ಯಾಪ್’, ‘ಫಿಲ್ಟರ್’, ‘ಜಿಪ್’ ಇವು ಪೂರ್ತಿ ಪಟ್ಟಿಯನ್ನೇ ಕೊಡುತ್ತಿದ್ದವು. 3ರಲ್ಲಿ ಕೇಳಿದಾಗ ಒಂದೊಂದೇ ಕೊಡುತ್ತವೆ. ಒಮ್ಮೆ ಕೊಟ್ಟು ಮುಗಿದರೆ ಮುಗಿಯಿತು. ನನ್ನ ಕೋಡ್ ಮೊದಲು ಒಂದು ಸುತ್ತು ಹೋಗಿ ಎಲ್ಲ ಮಕ್ಕಳ ಶುಲ್ಕ ಪ್ರಿಂಟ್ ಮಾಡಿತು, ಆಮೇಲೆ ಅದೇ ಮ್ಯಾಪನ್ನು ಕೂಡಿಸಲು ಹೋಯಿತು. ಒಳಗೆ ಏನೂ ಉಳಿದಿರಲಿಲ್ಲ. ಒಟ್ಟು ಸೊನ್ನೆ. ಎರರ್ ಇಲ್ಲ, ಏನಿಲ್ಲ. ಮೇಲೆ ಎಲ್ಲ ಸಾಲುಗಳು ಸರಿಯಾಗಿದ್ದವು, ನಾನು ಕೆಳಗೆ ನೋಡಲೇ ಇಲ್ಲ. ಶಾಲೆಯ ಗುಮಾಸ್ತೆ ಕಾಗದ ತಂದು ಮೇಜಿನ ಮೇಲಿಟ್ಟು ‘ಸಾರ್, ಈ ವರ್ಷ ಫೀಸು ಮಾಫಿನಾ?’ ಎಂದರು. 2ಟು3 ಬಳಸಿದ್ದರೆ ಅದೇ ಅದರ ಸುತ್ತ ‘ಲಿಸ್ಟ್’ ಹಾಕಿಕೊಡುತ್ತಿತ್ತು.

ಈಗ ದೊಡ್ಡ ವಿಷಯಕ್ಕೆ ಬರೋಣ, ಕನ್ನಡ. ಪೈಥಾನ್ 3 ಹುಟ್ಟಿದ್ದಕ್ಕೆ ಮುಖ್ಯ ಕಾರಣವೇ ಇದು ಎಂದರೂ ತಪ್ಪಿಲ್ಲ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬರೆಯುವ ನಮ್ಮಂಥವರಿಗೆ ಪೈಥಾನ್ 2 ಒಂದು ಕಾಟ. ಅದರಲ್ಲಿ ಮಾಮೂಲಿ ಸ್ಟ್ರಿಂಗ್ ಎಂದರೆ ಅಕ್ಷರಗಳಲ್ಲ, ಬೈಟುಗಳು. ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು. ‘ಕನ್ನಡ’ ಎನ್ನುವ ಪದದ ಉದ್ದ ಪೈಥಾನ್ 2ರಲ್ಲಿ 15. ಪೈಥಾನ್ 3ರಲ್ಲಿ 5: ಕ, ನ, ಅರ್ಧಾಕ್ಷರ ಮಾಡುವ ಚಿಹ್ನೆ, ನ, ಡ. ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಅಂದರೆ 3 ಕೂಡ ಪೂರ್ತಿ ನಮ್ಮ ಹಾಗೆ ಎಣಿಸುವುದಿಲ್ಲ, ಆದರೆ ಹತ್ತಿರ ಬಂದಿದೆ.

ಇದು ನಿಮ್ಮ ಬಟವಾಡೆ ಪಟ್ಟಿಯಲ್ಲಿ ಹೇಗೆ ಕಾಣುತ್ತದೆ ಗೊತ್ತಾ? ಹೆಸರಿನ ಕಾಲಮ್ 20 ಅಗಲ ಎಂದಿದೆ ಅನ್ನಿ. ‘ರಮೇಶ’ಕ್ಕೆ ಹಳೆಯ ಪ್ರೋಗ್ರಾಮ್ 12 ಬೈಟು ಎಣಿಸಿ 8 ಖಾಲಿ ಜಾಗ ಸೇರಿಸುತ್ತಿತ್ತು. ಹೊಸದು 4 ಎಂದು ಎಣಿಸಿ 16 ಸೇರಿಸುತ್ತದೆ. ‘ಲಕ್ಷ್ಮಿ’ 21 ಬೈಟು. 20ಕ್ಕೆ ಕತ್ತರಿಸಿದರೆ ಹಳೆಯದರಲ್ಲಿ ಕೊನೆಯ ಗುಡಿಸು ಅರ್ಧ ಹರಿದು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಆ ಹುಡುಗ ಇದನ್ನು ನೋಡಿ ತಲೆ ಕೆಡಿಸಿಕೊಂಡು ಅಗಲವನ್ನು 60 ಎಂದೋ 75 ಎಂದೋ ಕೈಯಳತೆಯಲ್ಲಿ ಹಾಕಿರುತ್ತಾನೆ. ಕೋಡ್‌ನಲ್ಲಿ ವಿಚಿತ್ರವಾದ ದೊಡ್ಡ ಸಂಖ್ಯೆ ಕಂಡರೆ ಅದು ಇದೇ ಇರಬಹುದು. 3ಕ್ಕೆ ಬಂದ ಮೇಲೆ ಕಾಲಮ್ಮುಗಳೆಲ್ಲ ಬಲಕ್ಕೆ ಓಡಿಹೋಗುತ್ತವೆ. ನನ್ನ ಸಲಹೆ: ಮತ್ತೆ ಖಾಲಿ ಜಾಗ ಎಣಿಸಲು ಹೋಗಬೇಡಿ. ಕನ್ನಡದ ಅಕ್ಷರಗಳ ಅಗಲ ಒಂದೇ ಥರ ಇರುವುದಿಲ್ಲ. ಪಟ್ಟಿಯನ್ನು ಎಚ್‌ಟಿಎಂಎಲ್ ಟೇಬಲ್ ಮಾಡಿ ಬ್ರೌಸರ್‌ನಿಂದ ಪ್ರಿಂಟ್ ತೆಗೆಯಿರಿ. ಒತ್ತಕ್ಷರ ಕೂರಿಸುವ ತಲೆನೋವನ್ನು ಬ್ರೌಸರೇ ನೋಡಿಕೊಳ್ಳುತ್ತದೆ.

ಫೈಲ್ ತೆರೆಯುವ ಕಡೆಯಲ್ಲೆಲ್ಲ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯಿರಿ. ಒಂದನ್ನೂ ಬಿಡಬೇಡಿ. ಬರೆಯದಿದ್ದರೆ ಇವತ್ತಿನ ಪೈಥಾನ್ 3 ವಿಂಡೋಸ್‌ನಲ್ಲಿ ಆ ಕಂಪ್ಯೂಟರ್‌ನ ಹಳೆಯ ಕೋಡ್‌ಪೇಜನ್ನು (ಯಾವ ಬೈಟಿಗೆ ಯಾವ ಅಕ್ಷರ ಎಂಬ ಪಟ್ಟಿ), ಸಾಮಾನ್ಯವಾಗಿ 1252ನ್ನು, ಹಿಡಿದುಕೊಳ್ಳುತ್ತದೆ. ಇದರಲ್ಲಿ ಒಂದು ಮೋಸ ಇದೆ. ಆ ಕೋಡ್‌ಪೇಜಿನಲ್ಲಿ ಐದು ಬೈಟುಗಳಿಗೆ ಅಕ್ಷರವೇ ಇಲ್ಲ. ಅವುಗಳಲ್ಲಿ ಎರಡು ನಮ್ಮ ಒತ್ತಕ್ಷರದ ಚಿಹ್ನೆಯಲ್ಲೂ ಕೊಂಬಿನಲ್ಲೂ ಬರುತ್ತವೆ. ಆದ್ದರಿಂದ ‘ಸುಬ್ಬಮ್ಮ’ ಎಂದು ಓದಿದರೆ ಎರರ್ ಬರುತ್ತದೆ. ‘ರಮೇಶ’, ‘ಗೀತಾ’, ‘ಕಮಲ’ ಎಂದರೆ ಎರರ್ ಇಲ್ಲ, ಸುಮ್ಮನೆ ಕಲಸುಮೇಲೋಗರವಾಗಿ ಒಳಗೆ ಬರುತ್ತವೆ. ನೀವು ಮೂರು ಸುಲಭದ ಹೆಸರು ಹಾಕಿ ಪರೀಕ್ಷೆ ಮಾಡಿ, ಎರರ್ ಇಲ್ಲ ಎಂದು ಖುಷಿಪಟ್ಟರೆ ಕೆಟ್ಟಿರಿ. ಪರೀಕ್ಷೆಗೆ ಯಾವಾಗಲೂ ಸುಬ್ಬಮ್ಮನನ್ನೂ ಲಕ್ಷ್ಮಿಯನ್ನೂ ಕರೆಯಿರಿ. ಎಕ್ಸೆಲ್‌ನಿಂದ ಉಳಿಸಿದ ಸಿಎಸ್‌ವಿಗೆ ‘ಯುಟಿಎಫ್-8-ಸಿಗ್’ ಎಂದು ಕೊಡಿ. ಫೈಲಿನ ತಲೆಯಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಕೂತಿರುತ್ತದೆ, ಇಲ್ಲದಿದ್ದರೆ ಅದು ಮೊದಲ ಕಾಲಮಿನ ಹೆಸರಿಗೆ ಅಂಟಿಕೊಂಡು ‘ಆ ಕಾಲಮ್ಮೇ ಇಲ್ಲ’ ಎಂಬ ಎರರ್ ಕೊಡುತ್ತದೆ. ಹಾಗೇ ಸಿಎಸ್‌ವಿ ಫೈಲನ್ನು 2ರಲ್ಲಿ ಬೈನರಿಯಾಗಿ ತೆರೆಯುತ್ತಿದ್ದರು. 3ರಲ್ಲಿ ಟೆಕ್ಸ್ಟ್ ಆಗಿ ತೆರೆದು ‘ನ್ಯೂಲೈನ್’ ಖಾಲಿ ಎಂದು ಹೇಳಬೇಕು, ಇಲ್ಲವಾದರೆ ವಿಂಡೋಸ್‌ನಲ್ಲಿ ಬರೆಯುವಾಗ ಸಾಲಿಗೊಂದು ಖಾಲಿ ಸಾಲು ಸೇರುತ್ತದೆ.

ಹಳೆಯ ಡೇಟಾ ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಇದೆಯಾ ಎಂದೂ ನೋಡಿ. 2013ರಲ್ಲಿ ಅದು ಇನ್ನೂ ಸಾಮಾನ್ಯವಾಗಿತ್ತು. ನೋಟ್‌ಪ್ಯಾಡ್‌ನಲ್ಲಿ ತೆರೆದಾಗ ಕನ್ನಡದ ಬದಲು ಟೋಪಿ ಹಾಕಿದ ರೋಮನ್ ಅಕ್ಷರಗಳು ಕಂಡರೆ ಅದೇ. ಅದು ಯೂನಿಕೋಡ್ ಅಲ್ಲ, ಯುಟಿಎಫ್-8 ಎಂದು ತೆರೆದರೆ ಎರರ್ ಬರುತ್ತದೆ. ‘ಲ್ಯಾಟಿನ್-1’ ಎಂದು ತೆರೆದರೆ 256 ಬೈಟುಗಳೂ ಹಾಗೇ ಒಳಗೆ ಬರುತ್ತವೆ, ಒಂದೂ ಕಳೆಯುವುದಿಲ್ಲ. ಆಮೇಲೆ ಪರಿವರ್ತಕಕ್ಕೆ ಕೊಟ್ಟು ಒಮ್ಮೆಗೇ ಯೂನಿಕೋಡ್ ಮಾಡಿ ಇಟ್ಟುಕೊಳ್ಳಿ. ಹೆಸರುಗಳನ್ನು ಕಣ್ಣಾರೆ ಓದಿ ನೋಡುವ ಕೆಲಸ ಮಾತ್ರ ತಪ್ಪುವುದಿಲ್ಲ. ಅರ್ಕಾವತ್ತು ಇರುವ ಹೆಸರುಗಳನ್ನು ಮೊದಲು ನೋಡಿ.

ಸದಸ್ಯರ ವಿವರವನ್ನು ಪಿಕಲ್ ಮಾಡಿ, ಅಂದರೆ ಪೈಥಾನ್‌ನದೇ ರೂಪದಲ್ಲಿ ಫೈಲಿಗೆ ಉಳಿಸಿ, ಇಟ್ಟಿದ್ದರೆ ಅದನ್ನು 3ರಲ್ಲಿ ನೇರವಾಗಿ ಓದಲು ಹೋಗಬೇಡಿ. ಯುಟಿಎಫ್-8 ಎಂದು ಹೇಳಿದರೆ ಕನ್ನಡದ ಹೆಸರು ಸರಿ ಬರುತ್ತದೆ, ಒಳಗಿರುವ ದಿನಾಂಕಗಳು ಎಡವುತ್ತವೆ. ಲ್ಯಾಟಿನ್-1 ಎಂದರೆ ದಿನಾಂಕ ಸರಿ, ಹೆಸರು ಹಾಳು. ಹಳೆಯ ಕಂಪ್ಯೂಟರ್‌ನಲ್ಲೇ, ಪೈಥಾನ್ 2ರಲ್ಲೇ, ಹತ್ತು ಸಾಲಿನ ಒಂದು ಪ್ರೋಗ್ರಾಮ್ ಬರೆದು ಎಲ್ಲವನ್ನೂ ಯುಟಿಎಫ್-8 ಸಿಎಸ್‌ವಿ ಆಗಿ ಹೊರಗೆ ತೆಗೆಯಿರಿ. ಹಳೆಯದು ಇನ್ನೂ ಓಡುತ್ತಿರುವಾಗಲೇ ದಾಟಬೇಕು ಎಂದೆನಲ್ಲ, ಅದಕ್ಕೆ ಇದೂ ಒಂದು ಕಾರಣ.

ಹೆಸರು ಹುಡುಕುವ ಕೋಡ್ ಇದ್ದರೆ ಒಂದು ಎಚ್ಚರ. ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪಠ್ಯ ಹುಡುಕಲು ಕೊಡುವ ಮಾದರಿಯಲ್ಲಿ) ‘ಪದ’ಕ್ಕೆ ಬಳಸುವ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯು ಪೈಥಾನ್ 3ರಲ್ಲಿ ಕನ್ನಡದ ಅಕ್ಷರ ಗುರುತಿಸುತ್ತದೆ, ಆದರೆ ಗುಣಿತದ ಚಿಹ್ನೆ ಮತ್ತು ಒತ್ತನ್ನು ಅಕ್ಷರ ಎಂದು ಒಪ್ಪುವುದಿಲ್ಲ. ‘ಕನ್ನಡ’ವನ್ನು ‘ಕನ’, ‘ನಡ’ ಎಂದು ಎರಡು ತುಂಡು ಮಾಡುತ್ತದೆ. ಕನ್ನಡದ ಯೂನಿಕೋಡ್ ವ್ಯಾಪ್ತಿಯನ್ನೇ, ಅಂದರೆ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ, ನೇರವಾಗಿ ಕೊಟ್ಟರೆ ಕೆಲಸ ಆಗುತ್ತದೆ. ಅಕಾರಾದಿ ಜೋಡಣೆ ಮಾತ್ರ ಬದಲಾಗುವುದಿಲ್ಲ. ಯುಟಿಎಫ್-8ರ ಬೈಟುಗಳ ಕ್ರಮವೂ ಯೂನಿಕೋಡ್ ಸಂಕೇತಗಳ ಕ್ರಮವೂ ಒಂದೇ. ಇನ್ನೊಂದು ಸಣ್ಣ ಖುಷಿ: ಪೈಥಾನ್ 3ರಲ್ಲಿ ‘೧೨’ ಎಂದು ಕನ್ನಡ ಅಂಕಿಯಲ್ಲಿ ಟೈಪ್ ಮಾಡಿ ‘ಇಂಟ್’ಗೆ ಕೊಟ್ಟರೆ 12 ಬರುತ್ತದೆ. ನನಗೆ ಇದು ಗೊತ್ತಾದ ದಿನ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ಯಾರೂ ಅಷ್ಟೇನೂ ಉತ್ಸಾಹ ತೋರಿಸಲಿಲ್ಲ.

ತೂಕದ ಯಂತ್ರದ ಕೇಬಲ್. ಅದರಿಂದ ಬರುವುದು ಬೈಟುಗಳು. 2ರಲ್ಲಿ ಬೈಟೂ ಸ್ಟ್ರಿಂಗೂ ಒಂದೇ ಆಗಿದ್ದರಿಂದ ಯಂತ್ರದಿಂದ ಬಂದ ಸಾಲನ್ನು ನೇರವಾಗಿ ಹೋಲಿಸುತ್ತಿದ್ದರು. 3ರಲ್ಲಿ ಬೈಟು ಮತ್ತು ಸ್ಟ್ರಿಂಗ್ ಒಂದೇ ಎಂದು ಎಂದೂ ಆಗುವುದಿಲ್ಲ. ಎರರ್ ಬರುವುದಿಲ್ಲ, ಸುಮ್ಮನೆ ‘ಅಲ್ಲ’ ಎನ್ನುತ್ತದೆ. ಯಂತ್ರ ತೂಕ ಕಳಿಸುತ್ತಲೇ ಇರುತ್ತದೆ, ಪ್ರೋಗ್ರಾಮ್ ಕಾಯುತ್ತಲೇ ಇರುತ್ತದೆ. ಕೇಬಲ್ ಹಾಳಾಗಿದೆ ಎಂದು ಹೊಸದು ತಂದವರನ್ನು ನಾನು ನೋಡಿದ್ದೇನೆ. ಬಂದ ಕೂಡಲೇ ‘ಆಸ್ಕಿ’ ಎಂದು ಡಿಕೋಡ್ ಮಾಡಿ ಒಳಗೆ ತೆಗೆದುಕೊಳ್ಳಿ. ಪರೀಕ್ಷೆ ಮಾಡುವಾಗ ಪೈಥಾನನ್ನು ‘-ಬಿಬಿ’ ಎಂಬ ಆಯ್ಕೆ ಹಾಕಿ ಓಡಿಸಿದರೆ ಇಂಥ ಹೋಲಿಕೆಗಳೂ ಎರರ್ ಆಗಿ ಕೂಗುತ್ತವೆ.

ಯಾವ ಆವೃತ್ತಿಗೆ ಹೋಗಬೇಕು? ಹೊಸ ಕಂಪ್ಯೂಟರ್‌ಗೆ ಇತ್ತೀಚಿನದಕ್ಕಿಂತ ಒಂದು ಹೆಜ್ಜೆ ಹಿಂದಿನದನ್ನು ಆರಿಸಿ, ಲೈಬ್ರರಿಗಳು ಅಷ್ಟರಲ್ಲಿ ಹೊಂದಿಕೊಂಡಿರುತ್ತವೆ. ಪ್ರತಿ ಅಕ್ಟೋಬರ್‌ಗೆ ಒಂದು ಹೊಸ ಆವೃತ್ತಿ ಬರುತ್ತದೆ, ಒಂದೊಂದಕ್ಕೂ 5 ವರ್ಷ ಬೆಂಬಲ. 2ಟು3 ಓಡಿಸಲು 3.12 ಪಕ್ಕದಲ್ಲಿ ಇರಲಿ, ತೊಂದರೆ ಇಲ್ಲ. ಹಳೆಯ ವಿಂಡೋಸ್ 7ರಲ್ಲೇ ಪೈಥಾನ್ 3 ಹಾಕಿ ನೋಡೋಣ ಎಂದುಕೊಂಡರೆ ಅಲ್ಲಿ 3.8ರ ಮೇಲೆ ಹತ್ತುವುದಿಲ್ಲ. ಲೈಬ್ರರಿಗಳಲ್ಲಿ ಕೆಲವು ಹೆಸರು ಬದಲಾಗಿವೆ: ‘ಪಿಐಎಲ್’ ಈಗ ‘ಪಿಲ್ಲೋ’, ‘ಮೈಎಸ್‌ಕ್ಯುಎಲ್-ಪೈಥಾನ್’ ಬದಲು ‘ಮೈಎಸ್‌ಕ್ಯುಎಲ್‌ಕ್ಲೈಂಟ್’. ‘ಸಿಕ್ಸ್’ ಎಂಬ ಲೈಬ್ರರಿ ಬಗ್ಗೆ ಓದಿರಬಹುದು, ಎರಡು ಮೂರಲ ಆರು ಎಂಬ ಲೆಕ್ಕದ ಹೆಸರು. ಒಂದೇ ಕೋಡ್ ಎರಡರಲ್ಲೂ ಓಡಬೇಕಾದವರಿಗೆ ಅದು ಬೇಕು. 4 ಸಾವಿರ ಸಾಲಿಗೆ ಬೇಡ, ನೇರವಾಗಿ ದಾಟಿ.

ಎಐ ಬಗ್ಗೆ ಕೇಳಿದ್ದೀರಿ. ಬಳಸಿ, ನಾನೂ ಬಳಸುತ್ತೇನೆ. ಆದರೆ ಇಡೀ ಫೈಲ್ ಕೊಟ್ಟು ‘3ಕ್ಕೆ ಬದಲಾಯಿಸು’ ಎನ್ನಬೇಡಿ. ಕೇಳದೆಯೇ ಇನ್ನೇನನ್ನೋ ಚಂದ ಮಾಡಿಕೊಟ್ಟು, ಯಾವುದು ದಾಟಿದ್ದರಿಂದ ಬದಲಾಯಿತು, ಯಾವುದು ಅದು ತಿದ್ದಿದ್ದರಿಂದ ಬದಲಾಯಿತು ಎಂದು ನಿಮಗೆ ಗೊತ್ತಾಗದ ಹಾಗೆ ಮಾಡುತ್ತದೆ. ಒಂದೊಂದೇ ಫಂಕ್ಷನ್ ಕೊಡಿ. ಎಸ್‌ಎನ್‌ಎಫ್ ಭಾಗಾಕಾರದ ಆ 4ರ ಜಾಗದಲ್ಲಿ ನಿಮ್ಮ ಡೈರಿಯಲ್ಲಿ ಏನಾಗುತ್ತಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ. ಅದು ಗೊತ್ತಿರುವುದು ಹಳೆಯ ಚೀಟಿಗಳಿಗೆ.

ದಿನದ ಲೆಕ್ಕ ಹೇಳುವುದಾದರೆ, ಓಡುವ ಹಾಗೆ ಮಾಡಲು ಎರಡು ಮೂರು ದಿನ. ಕನ್ನಡ ಮತ್ತು ಫೈಲುಗಳಿಗೆ ಒಂದು ವಾರ. ಆಮೇಲೆ ಒಂದು ಪೂರ್ತಿ ಬಟವಾಡೆ ಅವಧಿ ಎರಡೂ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ, ಸಾಲು ಸಾಲಾಗಿ ಹೋಲಿಸಿ. ಆ ಅವಧಿಯ ದುಡ್ಡನ್ನು ಹಳೆಯದರ ಲೆಕ್ಕದಲ್ಲೇ ಕೊಡಿ. ಒಂದು ಪೈಸೆ ವ್ಯತ್ಯಾಸ ಬಂದರೂ ಕಾರಣ ಸಿಗುವವರೆಗೆ ಮುಂದೆ ಹೋಗಬೇಡಿ.

ವ್ಯತ್ಯಾಸ ಬಂದಾಗ ಹೊಸದೇ ತಪ್ಪು ಎಂದುಕೊಳ್ಳಬೇಡಿ. ಹಳೆಯದೂ ತಪ್ಪಿರಬಹುದು. ಎಸ್‌ಎನ್‌ಎಫ್ ಭಾಗಾಕಾರ ನಿಜವಾಗಿಯೂ ಬರೀ 4ರಲ್ಲಿದ್ದರೆ, ಅದನ್ನು ಕೋಡ್‌ನಲ್ಲಿ ಸದ್ದಿಲ್ಲದೆ ಸರಿ ಮಾಡುವುದು ನಿಮ್ಮ ಕೆಲಸ ಅಲ್ಲ. ಅಪ್ಪನಿಗೆ ತೋರಿಸಿ, ಅವರು ಆಡಳಿತ ಮಂಡಳಿಯ ಮುಂದೆ ಇಡಲಿ. ಯಾವ ತಾರೀಖಿನಿಂದ ಹೊಸ ಲೆಕ್ಕ ಎಂದು ಅವರು ನಿರ್ಧರಿಸಲಿ. ಹಳೆಯದಕ್ಕೆ ಏನು ಮಾಡಬೇಕು ಎಂಬುದೂ ಅವರದ್ದೇ ಮಾತು. ಅಲ್ಲಿಯವರೆಗೆ ಹೊಸ ಪ್ರೋಗ್ರಾಮ್‌ನಲ್ಲೂ ಎರಡು ಗೆರೆ ಹಾಕಿ ಹಳೆಯ ಉತ್ತರವೇ ಬರುವಂತೆ ಇಟ್ಟುಕೊಳ್ಳಿ, ಪಕ್ಕದಲ್ಲಿ ಯಾಕೆ ಎಂದು ಒಂದು ಸಾಲು ಕನ್ನಡದಲ್ಲೇ ಟಿಪ್ಪಣಿ ಬರೆಯಿರಿ. ಪೈಥಾನ್ 3ಕ್ಕೆ ಅದರಿಂದ ಏನೂ ತೊಂದರೆ ಇಲ್ಲ. ಆ ಹಳೆಯ ಕಂಪ್ಯೂಟರನ್ನು ಮಾತ್ರ ಈ ವರ್ಷದ ಆಡಿಟ್ ಮುಗಿಯುವ ತನಕ ಗುಜರಿಗೆ ಹಾಕಬೇಡಿ.